ಕುಂಚದ ಬರಹ, ಅಚ್ಚಿನ ಮೊಳೆ

ಅಕ್ಷರದ ರೂಪವನ್ನು ತಿದ್ದುವುದು ಕೈಯೊಂದೇ ಅಲ್ಲ, ಕೈಯಲ್ಲಿರುವ ಉಪಕರಣವೂ ಹೌದು. ತಾಳೆಗರಿಯ ಮೇಲೆ ಕಂಟವು ಕೊರೆದ ಗೆರೆಯೆಲ್ಲ ಬಹುಮಟ್ಟಿಗೆ ಒಂದೇ ದಪ್ಪ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂದಿತು. ಕನ್ನಡದ ಮೊದಲ ಪತ್ರಿಕೆಯಲ್ಲಿ ಕಂಡುದು ಕೈಬರಹವೇ. ಸೀಸದ ಮೊಳೆಯಾದರೋ ಪ್ರತಿಯೊಂದು ಅಕ್ಷರಕ್ಕೂ ಮಾರ್ಪಡದ ರೂಪವನ್ನು ಕಟ್ಟಿತು.

ಕುಂಚದ ಗುಣವೇ ಬೇರೆ: ಒತ್ತಿದರೆ ದಪ್ಪ, ಎತ್ತಿದರೆ ತೆಳುವು. ಈ ಓಟವನ್ನು ಮೊಳೆಯಲ್ಲಿ ಹಿಡಿಯಲೆಂದು 1942ರಲ್ಲಿ ಅಮೆರಿಕದ ರಾಬರ್ಟ್ ಸ್ಮಿತ್ 'ಬ್ರಷ್ ಸ್ಕ್ರಿಪ್ಟ್' ರಚಿಸಿದನು. ಅಲ್ಲಿ ಸಣ್ಣಕ್ಷರಗಳು ಒಂದಕ್ಕೊಂದು ಕೈ ಹಿಡಿದು ನಡೆಯುತ್ತವೆ.

ಕನ್ನಡಕ್ಕೆ ಅಷ್ಟು ಸಾಲದು. ಕಡೂರು ತಾಲ್ಲೂಕಿನ 'ಪಂಚನಹಳ್ಳಿ'ಯ ಹೆಸರನ್ನೇ ಬರೆದು ನೋಡಿರಿ. ಮೊದಲಲ್ಲಿ ಸೊನ್ನೆ, ಕೊನೆಯ ಅಕ್ಷರಕ್ಕೆ ನೆತ್ತಿಯಲ್ಲಿ ಗುಡಿಸು, ಅಡಿಯಲ್ಲಿ ಒತ್ತು. ನಡುವಣ ಅಕ್ಷರಗಳ ಕೆಳಗೆ ಬರಿದು. ಫಲಕ ಬರೆಯುವ ನುರಿತ ಕೈ ಮೊದಲ ಗೆರೆಗೆ ಮುನ್ನವೇ ಆ ಒತ್ತಿಗೆ ಎಡೆ ಬಿಟ್ಟಿರುತ್ತದೆ. ಬರಿದಾದ ಕಡೆಗೆ ಬಾಲವೊಂದನ್ನು ಎಳೆದು ತೂಕ ಸರಿಗೊಳಿಸುತ್ತದೆ. ಗಣಕಯಂತ್ರದ ಕುಂಚಾಕ್ಷರವು ರೂಪವನ್ನು ಅನುಕರಿಸೀತು; ಈ ವಿವೇಚನೆ ಅದಕ್ಕೆ ಸುಲಭವಲ್ಲ.

ಆದುದರಿಂದ ಇಂಥ ಅಕ್ಷರವನ್ನು ಶೀರ್ಷಿಕೆಗೆ, ಆಮಂತ್ರಣದ ಹೆಸರಿಗೆ, ನಾಟಕದ ಭಿತ್ತಿಪತ್ರಕ್ಕೆ ಬಳಸಿರಿ. ಪುಟಗಟ್ಟಲೆ ಓದುವ ಬರಹಕ್ಕೆ ಬೇಡ. ದಪ್ಪ ತೆಳುಗಳ ಆಟದಲ್ಲಿ ಒತ್ತಕ್ಷರ ಮಸುಕಾಗಿ ಕಣ್ಣು ದಣಿಯುತ್ತದೆ. ಫ್ಲೆಕ್ಸ್ ಫಲಕಗಳು ಬಂದ ಮೇಲೆ ಕುಂಚದವರಿಗೆ ಕೆಲಸ ಕಡಿಮೆಯಾಗಿದೆ. ನಿಮ್ಮ ಊರಿನಲ್ಲಿ ಅಂಥವರೊಬ್ಬರು ಇನ್ನೂ ಇದ್ದರೆ, ಮನೆಯ ಹೆಸರನ್ನಾದರೂ ಅವರಿಂದ ಬರೆಯಿಸಿರಿ. ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ.