ಕಾಳು ಕಟ್ಟದ ತೆನೆ

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಬೇಸಿಗೆ ರಜೆಯ ಒಂದು ಮಧ್ಯಾಹ್ನ ನನ್ನ ವಿದ್ಯಾರ್ಥಿಯೊಬ್ಬ ಗೋವಿನಜೋಳದ ತೆನೆ ಹಿಡಿದು ಹಿಟ್ನಾಳದ ನಮ್ಮ ಮನೆಗೆ ಬಂದಿದ್ದ. (ಮೈಸೂರು ಕಡೆಯವರು ಮುಸುಕಿನ ಜೋಳವೆನ್ನುವುದು ಇದನ್ನೇ.) ಸಿಪ್ಪೆ ಸುಲಿದರೆ ಅಲ್ಲೊಂದು ಇಲ್ಲೊಂದು ಕಾಳು, ಉಳಿದದ್ದೆಲ್ಲ ಬರಿಯ ದಿಂಡು. "ಬೋರಿನ ನೀರು ಬೇಕಾದಷ್ಟು ಬಿಟ್ಟೀವ್ರಿ ಸರ್, ಆದ್ರೂ ಹಿಂಗ್ಯಾಕ್ರಿ?" ಎಂದು ಕೇಳಿದ. ಬೀಜ ಕಳಪೆಯಿರಬೇಕೆಂದು ಹೇಳಿ ಕಳುಹಿಸಿದೆ. ಆ ಉತ್ತರ ಬಹುಶಃ ತಪ್ಪಾಗಿತ್ತೆಂಬುದು ನಿವೃತ್ತಿಯ ನಂತರದ ಓದಿನಿಂದ ತಿಳಿಯಿತು.

ಈ ಬೆಳೆಯಲ್ಲಿ ಗಂಡು ಹೂ ನೆತ್ತಿಯ ಸೂಲಂಗಿಯಲ್ಲಿರುತ್ತದೆ. ಹೆಣ್ಣು ಹೂ ನಡುವಿನ ತೆನೆಯಲ್ಲಿ. ತೆನೆಯ ತುದಿಯಿಂದ ಹೊರಬರುವ ರೇಷ್ಮೆಯಂಥ ಒಂದೊಂದು ಎಳೆಗೂ ಪರಾಗ ತಗಲಿದರೆ ಮಾತ್ರ ಒಂದೊಂದು ಕಾಳು. ನೀರಿನ ಕೊರತೆಯಾದರೆ ಎಳೆಗಳು ತಡವಾಗಿ ಹೊರಡುತ್ತವೆ. ಅಷ್ಟರಲ್ಲಿ ಪರಾಗ ಉದುರಿ ಹೋಗಿರುತ್ತದೆ. ಹೂ ಬಿಡುವಾಗ ಬಿಸಿಲು 40 ಡಿಗ್ರಿ ಮುಟ್ಟಿದರಂತೂ, ನೀರಿದ್ದರೂ ಪರಾಗವೇ ಸಾಯುತ್ತದೆ. ನಮ್ಮೂರಿನ ಬೇಸಿಗೆಗೆ ಆ 40 ಡಿಗ್ರಿ ಹೊಸದೇನಲ್ಲ.

ಈ ಕಷ್ಟವನ್ನು ನಮಗಿಂತ ಹೆಚ್ಚು ಉಂಡವರು ಆಫ್ರಿಕದವರು. ನಮಗೆ ಬಿಳಿಜೋಳದ ರೊಟ್ಟಿಯಿದ್ದಂತೆ ಅಲ್ಲಿನ ಅನೇಕ ದೇಶಗಳಿಗೆ ಗೋವಿನಜೋಳವೇ ಅನ್ನ. ಮಳೆ ಕೈಕೊಟ್ಟರೆ ಮನೆಯೇ ಉಪವಾಸ. 1966ರಲ್ಲಿ ಮೆಕ್ಸಿಕೋದಲ್ಲಿ ಸ್ಥಾಪನೆಯಾದ ಸಿಮ್ಮಿಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1970ರ ದಶಕದಿಂದಲೇ, ಹೂ ಬಿಡುವ ಕಾಲಕ್ಕೆ ಬೇಕೆಂದೇ ನೀರು ನಿಲ್ಲಿಸಿ, ತಾಳಿದ ಗಿಡಗಳನ್ನು ಆರಿಸುವ ವಿಧಾನವನ್ನು ಬೆಳೆಸಿತ್ತು. ಆಫ್ರಿಕದಲ್ಲಿ ಅದರೊಂದಿಗೆ ಅಲ್ಲಿನ ಸರ್ಕಾರಿ ಸಂಶೋಧನಾ ಕೇಂದ್ರಗಳು, ಸಣ್ಣ ಬೀಜ ಕಂಪನಿಗಳು, ರೈತರು ಕೈಜೋಡಿಸಿದರು. 2007ರಲ್ಲಿ ಆರಂಭವಾದ ಬರ ಸಹಿಷ್ಣು ಗೋವಿನಜೋಳದ ಯೋಜನೆಯಲ್ಲಿ 13 ದೇಶಗಳಿದ್ದವು. ನೂರಕ್ಕೂ ಹೆಚ್ಚು ತಳಿಗಳು ಹೊರಬಂದವು. ನನಗೆ ಬಹಳ ಹಿಡಿಸಿದ್ದು ಅವರ 'ತಾಯಿ-ಮಗು' ಪ್ರಯೋಗ. ಊರಿನ ನಡುವೆ ಶಾಲೆಯಂಥ ಸ್ಥಳದಲ್ಲಿ ಎಲ್ಲ ತಳಿಗಳ 'ತಾಯಿ' ತಾಕು. ಸುತ್ತಲಿನ ರೈತರು ತಮ್ಮ ತಮ್ಮ ಹೊಲದಲ್ಲಿ ತಮ್ಮದೇ ಪದ್ಧತಿಯಲ್ಲಿ ಬೆಳೆಯುವ ಕೆಲವೇ ತಳಿಗಳ 'ಮಗು' ತಾಕುಗಳು. ಯಾವ ತಳಿ ಒಳ್ಳೆಯದೆಂಬ ತೀರ್ಪಿನಲ್ಲಿ ರೈತನ ಮಾತಿಗೂ ಬೆಲೆಯಿತ್ತು.

ಬರದ ವಿದ್ಯೆ ಆಫ್ರಿಕದಲ್ಲಿ ಪಳಗಿದರೆ, ಬಿಸಿಲಿನ ಪರೀಕ್ಷೆಗೆ ನಮ್ಮ ಸೀಮೆಯೇ ಬೇಕಾಯಿತು. 2012ರಲ್ಲಿ ಅಮೆರಿಕದ ಯುಎಸ್‌ಎಐಡಿ ನೆರವಿನಿಂದ, ಏಷ್ಯಕ್ಕಾಗಿ ಶಾಖ ಸಹಿಷ್ಣು ಗೋವಿನಜೋಳ ರೂಪಿಸುವ ಯೋಜನೆ ಮೊದಲಾಯಿತು. ಭಾರತ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನಗಳ ಸಂಸ್ಥೆಗಳು, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ, ಬೀಜ ಕಂಪನಿಗಳು ಅದರಲ್ಲಿ ಸೇರಿದ್ದವು. ಗಡಿಯಲ್ಲಿ ಮಾತು ನಿಂತಿದ್ದ ದೇಶಗಳ ನಡುವೆ ಬೀಜ ಓಡಾಡಿತೆಂಬುದು ಸಣ್ಣ ಸಂಗತಿಯಲ್ಲ. 2008ರಲ್ಲಿ ಸ್ಥಾಪನೆಯಾದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೂ ಪಾಲುದಾರನಾಗಿತ್ತು. ನಮ್ಮ ಕೊಪ್ಪಳ 1997ರವರೆಗೆ ಆ ರಾಯಚೂರು ಜಿಲ್ಲೆಯದೇ ಭಾಗವಾಗಿತ್ತಷ್ಟೆ. ಹೂವಿನ ಕಾಲ ಏಪ್ರಿಲ್-ಮೇ ತಿಂಗಳ ಕೆಂಡದಂಥ ಬಿಸಿಲಿಗೇ ಸಿಕ್ಕುವಂತೆ ಬಿತ್ತನೆಯ ದಿನವನ್ನು ಗೊತ್ತುಮಾಡುತ್ತಿದ್ದರು. ನಾವು ಶಪಿಸುತ್ತ ಬಂದ ರಾಯಚೂರಿನ ಬಿಸಿಲು ಅವರಿಗೆ ಪ್ರಯೋಗಶಾಲೆಯಾಯಿತು! ಹೀಗೆ ಸಿಮ್ಮಿಟ್ ಮತ್ತು ರಾಯಚೂರು ಕೂಡಿ ರೂಪಿಸಿದ ಸಂಕರಣವೇ ಆರ್‌ಸಿಆರ್‌ಎಂಎಚ್-2.

ಆಫ್ರಿಕದಲ್ಲಿ ಬಳಕೆಗೆ ಬಂದ ಇನ್ನೊಂದು ವಿದ್ಯೆಯೂ ಕರ್ನಾಟಕದಲ್ಲಿ ನೆಲೆಗೊಂಡಿದೆ. ಸಂಕರಣಕ್ಕೆ ಬೇಕಾದ ಶುದ್ಧ ತಂದೆ-ತಾಯಿ ಸಾಲುಗಳನ್ನು ಪಡೆಯಲು ಹಿಂದೆ ಆರೇಳು ಪೀಳಿಗೆ ಹಿಡಿಯುತ್ತಿತ್ತು. ಎರಡೇ ಹಂಗಾಮಿನಲ್ಲಿ ಪಡೆಯುವ ಕೇಂದ್ರವನ್ನು 2013ರಲ್ಲಿ ಕೀನ್ಯದ ಕಿಬೊಕೊದಲ್ಲಿ ತೆರೆದರು. ಅಂಥದೇ ಕೇಂದ್ರ 2021ರ ಡಿಸೆಂಬರಿನಲ್ಲಿ ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ ಆರಂಭವಾಯಿತು.

ಆದರೆ ನೆರವು ನೀಡುತ್ತಿದ್ದ ಯುಎಸ್‌ಎಐಡಿಯೇ 2025ರಲ್ಲಿ ಮುಚ್ಚಿತು. ದೂರದವರ ದುಡ್ಡನ್ನು ನಂಬಿದ ಸಂಶೋಧನೆಗೆ ಈ ಅಪಾಯ ತಪ್ಪದು. ಇಂಥ ಕೆಲಸವನ್ನು ನಮ್ಮ ಸರ್ಕಾರಗಳೇ ಹೊರಬೇಕೆಂಬುದು ನನ್ನ ಅಭಿಪ್ರಾಯ.

ಆ ವಿದ್ಯಾರ್ಥಿ ಈಗ ನಡುವಯಸ್ಸಿನ ರೈತ. ಮೊನ್ನೆ ಸಿಕ್ಕಾಗ ಹಳೆಯ ಉತ್ತರವನ್ನು ತಿದ್ದಿ ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿಕೊಂಡು, "ಈ ಬೀಜ ಮನ್ಯಾಗ ಎತ್ತಿಟ್ಟು ಮುಂದಿನ ವರ್ಷ ಬಿತ್ತಾಕ ಬರತೈತೇನ್ರಿ ಸರ್?" ಎಂದ. ಸಂಕರಣವಾದ್ದರಿಂದ ವರ್ಷವರ್ಷವೂ ಹೊಸದಾಗಿ ಕೊಳ್ಳಬೇಕೆಂದೆ. "ಹಂಗಾದ್ರ ರೇಟ್ ಎಷ್ಟು ಕೇಳ್ರಿ ಮೊದಲ" ಎಂದು ಗಾಡಿ ಹತ್ತಿದ.