ಹೋಟೆಲಿನ ಮೇಜು, ಯಂತ್ರದ ಮಾತು

ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮೊನ್ನೆ ದೂರವಾಣಿಯಲ್ಲಿ, "ಮೇಷ್ಟ್ರೇ, ಈಗ ಹೋಟೆಲಿನಲ್ಲಿ ಮೇಜು ಕಾಯ್ದಿರಿಸುವ ಕೆಲಸವನ್ನೂ ಎಐ ಸಹಾಯಕನಿಗೇ ಒಪ್ಪಿಸಿದ್ದೇನೆ" ಎಂದನು. ಇತಿಹಾಸ ಕಲಿಸಿದವನಿಗೆ ಎಲ್ಲದರ ಮೂಲವನ್ನೂ ಹುಡುಕುವ ಚಪಲ!

1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭವಾದ ಓಪನ್‌ಟೇಬಲ್ ಸಂಸ್ಥೆಯು ಹೋಟೆಲುಗಳ ಮುಂಗಡ ಪುಸ್ತಕವನ್ನು ಗಣಕಕ್ಕೆ ಏರಿಸಿತು. 2010ರಲ್ಲಿ ಬಂದ ಸಿರಿಯು ಆಡಿದ ಮಾತನ್ನು ಗ್ರಹಿಸಿ, ಅದೇ ಸಂಸ್ಥೆಯ ತಂತ್ರಾಂಶದ ಮೂಲಕ ಮೇಜು ಕಾಯ್ದಿರಿಸುತ್ತಿತ್ತು.

ಗಣಕವಿಲ್ಲದ ಹೋಟೆಲುಗಳ ಗತಿಯೇನು? 2018ರ ಮೇ ತಿಂಗಳಿನಲ್ಲಿ ಗೂಗಲ್‌ನ ಸುಂದರ್ ಪಿಚೈಯವರು 'ಡ್ಯೂಪ್ಲೆಕ್ಸ್' ಮಾಡಿದ ಕರೆಯೊಂದನ್ನು ಸಭೆಗೆ ಕೇಳಿಸಿದರು. ಯಂತ್ರವು ಮನುಷ್ಯರಂತೆಯೇ ತಡವರಿಸುತ್ತ ನಾಲ್ವರಿಗೆ ಸ್ಥಳ ಕೇಳಿತು. ನಾಲ್ವರಾದರೆ ಕಾಯ್ದಿರಿಸಬೇಕಿಲ್ಲ, ಹಾಗೆಯೇ ಬರಬಹುದೆಂದು ಹೋಟೆಲಿನ ಮಹಿಳೆ ತಿಳಿಸಿದರು. ಸಭೆ ಚಪ್ಪಾಳೆ ತಟ್ಟಿತು. ನನ್ನನ್ನು ಕಾಡಿದ್ದು ಆ ಮಹಿಳೆಯ ಸ್ಥಿತಿ: ತಾನು ಯಂತ್ರವೆಂದು ಆ ದನಿ ಹೇಳಲೇ ಇಲ್ಲ. ಟೀಕೆಗಳು ಬಂದ ಮೇಲೆಯೇ ಗೂಗಲ್, ಡ್ಯೂಪ್ಲೆಕ್ಸ್ ತನ್ನ ಗುರುತು ಹೇಳುವುದೆಂದು ಪ್ರಕಟಿಸಿತು.

2023ರಲ್ಲಿ ಚಾಟ್‌ಜಿಪಿಟಿಗೂ ಓಪನ್‌ಟೇಬಲ್‌ನ ಕೊಂಡಿ ದೊರೆಯಿತು. 2025ರ ಜನವರಿಯಲ್ಲಿ ಬಂದ 'ಆಪರೇಟರ್' ಜಾಲತಾಣವನ್ನು ತಾನೇ ತೆರೆದು, ಗುಂಡಿ ಒತ್ತುತ್ತಿತ್ತು. ಮುಖ್ಯವಾದ ಕಾರ್ಯವನ್ನು ಪೂರೈಸುವ ಮುನ್ನ ಯಜಮಾನನ ಒಪ್ಪಿಗೆ ಕೇಳಬೇಕೆಂಬ ನಿಯಮವನ್ನು ಅದಕ್ಕೆ ವಿಧಿಸಿದ್ದರು.

ನಿಮ್ಮನ್ನು ಮುಖ್ಯೋಪಾಧ್ಯಾಯರ ಕೊಠಡಿಗೆ ಚೀಟಿ ಕೊಟ್ಟು ಕಳುಹಿಸುವಾಗ ನಾನು ಹೇಳುತ್ತಿದ್ದುದು ನೆನಪಿದೆಯೇ? "ನೀನು ಯಾರು, ಕಳುಹಿಸಿದವರು ಯಾರು ಎಂಬುದನ್ನು ಮೊದಲು ಹೇಳು. ನನ್ನನ್ನು ಕೇಳದೆ ಏನನ್ನೂ ಒಪ್ಪಿಕೊಂಡು ಬರಬೇಡ." ಯಂತ್ರಕ್ಕೂ ಅದೇ ಪಾಠ ಸಾಕು.