ಬಸಿರು, ಬೇನೆ ಮತ್ತು ಮದ್ದು

ಕಳೆದ ನವರಾತ್ರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪತಿಯೊಡನೆ ಮನೆಗೆ ಬಂದಿದ್ದಳು. ನನ್ನ ಪತ್ನಿ ನೀಡಿದ ತಾಂಬೂಲದ ತಟ್ಟೆಯನ್ನು ಹಿಡಿಯಲು ಆಕೆಯ ಬೆರಳುಗಳು ಮಡಚಲಿಲ್ಲ. ವಿಚಾರಿಸಿದಾಗ ವಿಷಯ ತಿಳಿಯಿತು. ನಾಲ್ಕು ವರ್ಷಗಳಿಂದ ರುಮಟಾಯ್ಡ್ ಸಂಧಿವಾತ, ಔಷಧಿಯಿಂದ ಹತೋಟಿಯಲ್ಲಿತ್ತು. ಮಗುವನ್ನು ಪಡೆಯುವ ಯೋಚನೆ ಮೂಡಿದೊಡನೆ, ಹಿರಿಯರ ಮಾತು ಕೇಳಿ, ವೈದ್ಯರಿಗೂ ತಿಳಿಸದೆ ಎಲ್ಲ ಮಾತ್ರೆಗಳನ್ನೂ ಒಮ್ಮೆಗೇ ನಿಲ್ಲಿಸಿಬಿಟ್ಟಿದ್ದಳು. "ತಾಯಿಯಾಗಬೇಕೆನ್ನುವವಳು ಇಷ್ಟು ನೋವನ್ನಾದರೂ ಸಹಿಸಬೇಡವೇ ಸಾರ್?" ಎಂದಳು.

ನಾನು ವೈದ್ಯನಲ್ಲ, ಚರಿತ್ರೆಯನ್ನು ಬೋಧಿಸಿ ನಿವೃತ್ತನಾದವನು. ಆದರೆ ಆಕೆಯ ಪ್ರಶ್ನೆಗೆ ಚರಿತ್ರೆಯಲ್ಲಿಯೂ ಉತ್ತರವುಂಟು. ಅಂದು ಆಕೆಗೆ ಹೇಳಿದುದನ್ನು ನಿಮಗಾಗಿ ಇಲ್ಲಿ ಬರೆದಿರಿಸುತ್ತಿದ್ದೇನೆ.

ಬಸಿರಿಗೂ ಕೀಲುನೋವಿಗೂ ಇರುವ ನಂಟು ವಿಚಿತ್ರವಾದುದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯ ಫಿಲಿಪ್ ಹೆಂಚ್ ಅವರು 1929ರಲ್ಲಿ, ಕಾಮಾಲೆಗೆ ತುತ್ತಾದ ಸಂಧಿವಾತದ ರೋಗಿಯೊಬ್ಬನ ನೋವು ಇಳಿದುದನ್ನು ಗಮನಿಸಿದರು. ಮುಂದೆ ಗರ್ಭಿಣಿಯರಲ್ಲಿಯೂ ಇಂತಹುದೇ ಉಪಶಮನ ಕಂಡಿತು. ಹೆರಿಗೆಯಾದ ಬಳಿಕ ನೋವು ಮತ್ತೆ ಮರಳುತ್ತಿತ್ತು. ದೇಹವೇ ಸಿದ್ಧಪಡಿಸಿಕೊಳ್ಳುವ ಯಾವುದೋ ವಸ್ತು ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. ಅದೇ ಸಂಸ್ಥೆಯ ಎಡ್ವರ್ಡ್ ಕೆಂಡಾಲ್ ಅವರು ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ ವಸ್ತುವೊಂದನ್ನು 1948ರ ಸೆಪ್ಟೆಂಬರಿನಲ್ಲಿ 29 ವರ್ಷದ ರೋಗಿಣಿಗೆ ಚುಚ್ಚಿದರು. ಹಾಸಿಗೆಯಲ್ಲಿ ಹೊರಳಲೂ ಕಷ್ಟಪಡುತ್ತಿದ್ದ ಆಕೆ ಕೆಲವೇ ದಿನಗಳಲ್ಲಿ ನಡೆದಾಡಿದಳು. ಅದೇ ಕಾರ್ಟಿಸೋನ್. 1950ರಲ್ಲಿ ಇವರಿಬ್ಬರಿಗೂ ಟಾಡಿಯಸ್ ರೈಕ್‌ಸ್ಟೈನ್ ಅವರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಗರ್ಭಿಣಿಯರ ನೋವನ್ನು ಕಿವಿಗೊಟ್ಟು ಆಲಿಸಿದ ವೈದ್ಯರಿಂದ ಜಗತ್ತಿಗೆ ಒಂದು ಮದ್ದು ದೊರೆಯಿತು. ಕಾಲಕ್ರಮದಲ್ಲಿ ಅದರ ಅಡ್ಡ ಪರಿಣಾಮಗಳೂ ತಿಳಿದುಬಂದವೆಂಬುದು ಬೇರೆಯ ಮಾತು.

ಮುಂದಿನ ಅಧ್ಯಾಯ ದಾರುಣವಾದುದು. 1957ರ ಅಕ್ಟೋಬರಿನಲ್ಲಿ ಪಶ್ಚಿಮ ಜರ್ಮನಿಯ ಗ್ರೂನೆಂಟಾಲ್ ಕಂಪನಿಯು ಥಾಲಿಡೋಮೈಡ್ ಎಂಬ ನಿದ್ರೆಯ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ವೈದ್ಯರ ಚೀಟಿಯೂ ಬೇಕಿರಲಿಲ್ಲ. ಸಂಪೂರ್ಣ ನಿರಪಾಯಕಾರಿಯೆಂಬ ಪ್ರಚಾರವನ್ನು ನಂಬಿ ಗರ್ಭಿಣಿಯರು ವಾಕರಿಕೆಗೂ ನಿದ್ರಾಹೀನತೆಗೂ ಅದನ್ನು ಸೇವಿಸಿದರು. ಕೈಕಾಲುಗಳು ಬೆಳೆಯದ ಶಿಶುಗಳು ಹುಟ್ಟತೊಡಗಿದವು. 1961ರ ನವೆಂಬರಿನಲ್ಲಿ ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಟ್ಸ್ ಅವರು ಎಚ್ಚರಿಸಿದ ಮೇಲೆ ಜರ್ಮನಿಯಲ್ಲಿ ಮಾತ್ರೆಯನ್ನು ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಅದಕ್ಕೆ ಬಲಿಯಾಗಿದ್ದರು. ಅಮೆರಿಕದಲ್ಲಿ ಮಾತ್ರ ಔಷಧ ನಿಯಂತ್ರಣ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ ಎಂಬ ವೈದ್ಯೆ, ಕಂಪನಿಯವರು ಎಷ್ಟೇ ಒತ್ತಾಯಿಸಿದರೂ, ಪುರಾವೆ ಸಾಲದೆಂದು ಅನುಮತಿ ನೀಡಲಿಲ್ಲ. ಆಕೆಯ ಹಟ ಅಸಂಖ್ಯಾತ ಶಿಶುಗಳನ್ನು ಕಾಪಾಡಿತು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಥಾಲಿಡೋಮೈಡ್ ಹಾನಿ ಮಾಡುವುದು ಗರ್ಭ ನಿಂತ ಸುಮಾರು 20ರಿಂದ 36ನೆಯ ದಿನದವರೆಗೆ. ಅನೇಕ ಹೆಣ್ಣುಮಕ್ಕಳಿಗೆ ತಾವು ಬಸಿರೆಂಬುದೇ ಆ ವೇಳೆಗೆ ತಿಳಿದಿರುವುದಿಲ್ಲ. ಆದುದರಿಂದ ಮದ್ದಿನ ವಿಚಾರವನ್ನು ವೈದ್ಯರೊಡನೆ ಮಾತನಾಡಬೇಕಾದುದು ಬಸಿರಾದ ಮೇಲಲ್ಲ, ಬಸಿರಿಗೆ ಮುನ್ನ.

ಇದರ ಬಳಿಕ ಜಗತ್ತು ಇನ್ನೊಂದು ತುದಿಗೆ ಜಿಗಿಯಿತು. 1977ರಲ್ಲಿ ಅದೇ ಅಮೆರಿಕದ ಇಲಾಖೆಯು, ಗರ್ಭ ಧರಿಸಬಲ್ಲ ಹೆಣ್ಣುಮಕ್ಕಳನ್ನು ಹೊಸ ಔಷಧಗಳ ಆರಂಭಿಕ ಪ್ರಯೋಗಗಳಿಂದ ದೂರವಿಡಲು ಸೂಚಿಸಿತು. 1993ರಲ್ಲಿ ಅದನ್ನು ಹಿಂತೆಗೆದುಕೊಂಡರೂ ಗರ್ಭಿಣಿಯರು ಬಹುಮಟ್ಟಿಗೆ ಹೊರಗೇ ಉಳಿದರು. ಕಾಪಾಡಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಪರೀಕ್ಷಿಸದ ಮೇಲೆ ತಿಳಿಯುವುದೆಂತು? ತಿಳಿಯದ ಎಡೆಯಲ್ಲಿ ಭಯ ಬಂದು ಕುಳಿತಿತು. ದೀರ್ಘಕಾಲದ ನೋವುಳ್ಳ ಹೆಣ್ಣುಮಕ್ಕಳಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು: ಸಹಿಸಿಕೋ.

ಸಹಿಸಿಕೊಳ್ಳುವುದೂ ನಿರಪಾಯಕಾರಿಯಲ್ಲವೆಂದು ಇಂದು ತಿಳಿದಿದೆ. ಸಂಧಿವಾತವು ಉಲ್ಬಣಿಸಿದ ತಾಯಂದಿರಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಸಂಭವ ಹೆಚ್ಚು. ಎಲ್ಲ ಮದ್ದುಗಳೂ ಒಂದೇ ಬಗೆಯವಲ್ಲ. ಮೆಥೋಟ್ರೆಕ್ಸೇಟ್ ಭ್ರೂಣಕ್ಕೆ ಅಪಾಯಕಾರಿ. ಗರ್ಭಧಾರಣೆಗೆ ಒಂದರಿಂದ ಮೂರು ತಿಂಗಳು ಮುನ್ನವೇ ಅದನ್ನು ನಿಲ್ಲಿಸಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಜೀನ್ ಮೊದಲಾದವುಗಳನ್ನು ವೈದ್ಯರು ಬಸಿರಿನಲ್ಲಿಯೂ ಮುಂದುವರಿಸುತ್ತಾರೆ. ಐಬುಪ್ರೊಫೆನ್, ಡೈಕ್ಲೋಫಿನಾಕ್‌ನಂತಹ ನೋವಿನ ಮಾತ್ರೆಗಳನ್ನು 20 ವಾರಗಳ ಬಳಿಕ ಸೇವಿಸಿದರೆ ಶಿಶುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಗರ್ಭಜಲ ಕುಗ್ಗಬಹುದೆಂದು 2020ರಲ್ಲಿ ಎಚ್ಚರಿಕೆ ಹೊರಬಿದ್ದಿತು. ಒಪಿಯಾಯ್ಡ್ ಜಾತಿಯ ಮದ್ದುಗಳನ್ನು ಬಹುಕಾಲ ಸೇವಿಸಿದವರು ಥಟ್ಟನೆ ನಿಲ್ಲಿಸುವುದೇ ಅಪಾಯ.

ಭಯವಿನ್ನೂ ಹೋಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪ್ಯಾರಸಿಟಮಾಲ್‌ಗೂ ಮಕ್ಕಳ ಆಟಿಸಂಗೂ ಅಮೆರಿಕದ ಸರ್ಕಾರವು ನಂಟು ಕಲ್ಪಿಸಿದಾಗ ಗರ್ಭಿಣಿಯರು ಮತ್ತೊಮ್ಮೆ ತಲ್ಲಣಿಸಿದರು. ಆದರೆ ಸ್ವೀಡನ್ನಿನಲ್ಲಿ ಸುಮಾರು 24.8 ಲಕ್ಷ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವು, ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿದಾಗ ಅಂತಹ ನಂಟು ಕಾಣಲಿಲ್ಲವೆಂದು ತಿಳಿಸಿತ್ತು. ಅಗತ್ಯವಿದ್ದಾಗ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ ಎಂಬುದೇ ಪ್ರಸೂತಿ ತಜ್ಞರು ಹೇಳುವ ಮಾತು.

ಇಷ್ಟನ್ನೂ ಕೇಳಿ ಆ ಹುಡುಗಿ ಸುಮ್ಮನೆ ಕುಳಿತಿದ್ದಳು. "ನಿಲ್ಲಿಸಿದ್ದು ತಪ್ಪೋ ಸರಿಯೋ ನಾನು ಹೇಳಲಾರೆನಮ್ಮ. ಕೇಳದೆ ನಿಲ್ಲಿಸಿದ್ದು ತಪ್ಪು" ಎಂದೆ. ಮರುವಾರವೇ ಕೀಲುರೋಗದ ವೈದ್ಯರನ್ನೂ ಪ್ರಸೂತಿ ತಜ್ಞರನ್ನೂ ಕಂಡು ಬಂದಳು. ಆಕೆ ಬಿಟ್ಟಿದ್ದ ಮಾತ್ರೆಗಳಲ್ಲೊಂದು ನಿಜಕ್ಕೂ ಬಿಡಬೇಕಾದುದೇ ಆಗಿತ್ತು. ಇನ್ನೊಂದನ್ನು ಮತ್ತೆ ಆರಂಭಿಸಿದರು. ನೋವು ಹತೋಟಿಗೆ ಬರುವವರೆಗೆ ಕೆಲವು ತಿಂಗಳು ಕಾಯಲು ಹೇಳಿದ್ದಾರಂತೆ. ಕಾಯುತ್ತಿದ್ದಾಳೆ. ಮೊನ್ನೆ ದೂರವಾಣಿಯಲ್ಲಿ ಮಾತನಾಡುವಾಗ, ಬಹಳ ದಿನಗಳ ಮೇಲೆ ತಾನೇ ಚಪಾತಿಯ ಹಿಟ್ಟು ನಾದಿದೆನೆಂದು ಸಂತೋಷದಿಂದ ಹೇಳಿದಳು.

ನನ್ನ ವಿದ್ಯಾರ್ಥಿನಿಯರಲ್ಲಿ ಇಂತಹ ಬೇನೆಯುಳ್ಳವರು ಇನ್ನೂ ಇರಬಹುದು. ಅವರ ಮನೆಗಳ ಹಿರಿಯರಲ್ಲಿ ನನ್ನದೊಂದು ವಿನಂತಿ. "ಸಹಿಸಿಕೋ" ಎನ್ನುವ ಮುನ್ನ, "ವೈದ್ಯರನ್ನು ಕೇಳಿದೆಯಾ ಮಗಳೇ?" ಎಂದು ಒಮ್ಮೆ ವಿಚಾರಿಸಿ.